ಅಜ್ಜಿ ಎದ್ದು ಓಡಿದ ಪ್ರಸಂಗ

ಅಕ್ಕಾ, ಕೇಳುವಂಥವಳಾಗು!

ಈ ಊರಲ್ಲಿ ಮುದುಕರ ಆರೈಕೆಗೆ ಸರ್ಕಾರದ ದಾದಿ ಮನೆಗೇ ಬರುತ್ತಾಳೆ. ಮುದುಕರು ಸುಧಾರಿಸಿದರೋ, ದಾದಿಯನ್ನು ಕಿತ್ತುಕೊಳ್ಳುತ್ತಾರೆ! ನಮ್ಮ ಮನೆಯೊಡತಿ ಅಜ್ಜಿಗೆ ದಾದಿಯೆಂದರೆ ಪ್ರಾಣ. ಅದಕ್ಕೇ ನಿನ್ನೆ ಸುಧಾರಣೆ ಅಳೆಯುವ ಸಾಹೇಬರು ಬರುವ ಮೊದಲು ಅಜ್ಜಿಗೆ ನಾನೇ ನರಳುವುದನ್ನು ಕಲಿಸಿದೆ. ಆಹಾ, ಎಂಥ ಅಭಿನಯ! ಸಾಹೇಬರು ಕಣ್ಣೊರೆಸಿಕೊಂಡು, "ಅಯ್ಯೋ ಪಾಪ, ಈಗಲೇ ಆಸ್ಪತ್ರೆಗೆ ಸೇರಿಸ್ರಿ" ಎಂದರು. ಆಸ್ಪತ್ರೆ ಎಂದದ್ದೇ ತಡ, ಅಜ್ಜಿ ಹಾಸಿಗೆಯಿಂದ ಜಿಗಿದು ಬೀದಿಯ ತುದಿವರೆಗೂ ಓಡಿಯೇಬಿಟ್ಟರು! "ಭೇಷ್! ಇಂಥ ಸುಧಾರಣೆ ನಾನೆಲ್ಲೂ ಕಂಡಿಲ್ಲಮ್ಮಾ" ಎಂದು ಸಾಹೇಬರು ದಾದಿಯ ಬೆನ್ನು ತಟ್ಟಿ, ಅವಳನ್ನು ಬೇರೆ ಬೀದಿಗೆ ಹಾಕಿದರು.

ನೀನು ಕೇಳಿದ್ದ ನನ್ನ ಮಂಡಿನೋವು ವಾಸಿ. ಆದರೆ ಊರಿಗೆ ಬರುವುದು ತಡವಾದೀತು. ಅಗೋ, ಅಜ್ಜಿ ಕೂಗುತ್ತಿದ್ದಾರೆ: "ನರಳೋದು ಕಲಿಸಿದೋನು ನೀನೇ ತಾನೆ? ಬಾ, ತಲೆ ಬಾಚು!"

ಬಾಚಣಿಗೆ ಹಿಡಿದೇ ಬರೆದೆ.

ನಿನ್ನ ತಮ್ಮ