ಸೊನ್ನೆ ಬಂದ ನಿಲ್ದಾಣ

ಸಾರಿಗೆ ಯೋಜನಾ ಪ್ರಾಧಿಕಾರದ ಅಧ್ಯಕ್ಷರಿಗೆ, ನೀರಿನ ಟ್ಯಾಂಕ್ ನಿಲ್ದಾಣದ ಟೈಲರಮ್ಮನ ನಮಸ್ಕಾರ.

ನಮ್ಮ ಬಸ್ಸು ನಿಲ್ಲಿಸಿ ಎರಡು ತಿಂಗಳಾದ ಮೇಲೆ ನಿಮ್ಮವರು ಜನರನ್ನು ಎಣಿಸೋಕೆ ಬಂದರು. ಬಾವಿ ಮುಚ್ಚಿ ಬಿಂದಿಗೆ ಎಣಿಸಿದ ಹಾಗಾಯ್ತು. ‘ಪ್ರಯಾಣಿಕರು ಸೊನ್ನೆ’ ಅಂತ ಬರೆದುಕೊಂಡು ಹೋದರು. ಆ ಸೊನ್ನೆ ತೋರಿಸಿಯೇ ನನ್ನ ಮೂರು ಅರ್ಜಿ ವಾಪಸು ಕಳಿಸಿದಿರಿ. ನಿಮ್ಮ ಕಚೇರಿಯಲ್ಲಿ ಹೊಸ ಮೇಲ್ಸೇತುವೆಯ ಮಾದರಿಯನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಟ್ಟು ದಿನಾ ಒರೆಸ್ತೀರಿ.

ನಮ್ಮ ಯಜಮಾನರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕು. ಆ ಬಸ್ಸಲ್ಲೇ ಆಸ್ಪತ್ರೆಗೆ ಹೋಗ್ತಿದ್ದೆವು; ಈಗ ಹಾಲಿನ ವ್ಯಾನಿನವರಿಗೆ ಬಿಡುವಿದ್ದಾಗ ಒಂದು ಸಲ ಆಗ್ತದೆ.

ಹೆಚ್ಚೇನೂ ಕೇಳಲ್ಲ ಸ್ವಾಮಿ. ಮತ್ತೆ ಎಣಿಸೋಕೆ ಬರುವ ಮುಂಚಿನ ದಿನ ತಿಳಿಸಿ. ಇವರನ್ನು ಕುರ್ಚಿ ಸಮೇತ ಹೊರಿಸಿಕೊಂಡು ಬಂದು ನಿಲ್ದಾಣದಲ್ಲಿ ಕೂರಿಸ್ತೀನಿ. ಒಂದು ಅಂತಲಾದರೂ ಬರೆದುಕೊಳ್ಳಲಿ.

ಬೇಗ ಬನ್ನಿ. ತಡವಾದರೆ ನಿಮ್ಮ ಸೊನ್ನೆಯೇ ನಿಜವಾಗಿಬಿಡ್ತದೆ.

ಇಂತಿ,
ಟೈಲರಮ್ಮ