ಸೋಮವಾರ ಮಾತ್ರ ವಾಸಿಯಾಗುವ ಕಾಯಿಲೆ

ಮಾನ್ಯ ಆಡಳಿತ ಮುಖ್ಯಸ್ಥರೇ,

ನಮ್ಮ ರೇಡಿಯೋ ವೀಕ್ಷಣಾಲಯದ ಗ್ರಾಹಕದಲ್ಲಿ, ಅಂದರೆ ರಿಸೀವರಿನಲ್ಲಿ, ಎದ್ದಿರುವ ಗದ್ದಲಕ್ಕೆ ಸಕುಮಾ ತೊವಾಕೊ ಕಟ್ಟಿದ ಆಂಪ್ಲಿಫೈಯರೇ ಕಾರಣವೆಂದು ತಾವು ತೀರ್ಪು ಕೊಟ್ಟಿದ್ದೀರಿ. ನಾನದನ್ನು ನಂಬುವುದಿಲ್ಲ. ತಾವಾದರೂ ನಂಬಿದ್ದೀರೋ ಎಂಬುದೇ ನನ್ನ ಅನುಮಾನ.

ಲೆಟಿಸ್ ಹೊಲಗಳ ನಡುವಿನ ನಮ್ಮ ಆಂಟೆನಾ ಬೋಗುಣಿಗೆ ಬೀಳುವುದು ನಕ್ಷತ್ರ ಹುಟ್ಟುವ ಮೋಡಗಳ ಪಿಸುಮಾತು. ಅದನ್ನು ಮೊದಲು ಹಿಡಿದು ದೊಡ್ಡದು ಮಾಡುವುದು ಸಕುಮಾ ಸಾನ್ ಕಟ್ಟಿದ, ಬೆಂಕಿಪೊಟ್ಟಣದಷ್ಟು ಡಬ್ಬಿ. ಬಿಸಿಯಿದ್ದಲ್ಲಿ ಗದ್ದಲವಿರುತ್ತದೆ, ಅದಕ್ಕೇ ಆ ಡಬ್ಬಿಯನ್ನು ಸೊನ್ನೆಗಿಂತ ಇನ್ನೂರೈವತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ ಕೂರಿಸುತ್ತೇವೆ. ಅಷ್ಟು ಚಳಿಯಲ್ಲಿ ತುಟಿಪಿಟಕ್ಕೆನ್ನದೆ ದುಡಿದದ್ದು ಈಗ ಏಕಾಏಕಿ ಹುಚ್ಚೆದ್ದು ಕುಣಿಯಿತೇ? ಈ ತಿಂಗಳ ಕೊನೆಗೆ ಆಕೆಯ ಕಾರ್ಯಾಗಾರಕ್ಕೆ ಬೀಗವಂತೆ, ಆಕೆಗೆ ಪ್ರವಾಸಿ ಭವನದ ಟಿಕೆಟ್ ಕೌಂಟರಂತೆ. ಸರಿ, ಆದರೆ ತೀರ್ಪಿಗೆ ಮೊದಲೇ ಆ ಕೋಣೆಗೆ ಟೇಪು ಹಿಡಿದು ಬಂದವರು ಯಾರು? ಕೀಚೈನು ಮಾರುವ ಅಂಗಡಿಗೆ ಜಾಗ ಸಾಕಾಗುತ್ತದೆಯೇ ಎಂದು ಅವರು ಮಾತಾಡಿಕೊಂಡದ್ದು ನನ್ನ ಕಿವಿಗೆ ಬಿದ್ದಿದೆ.

ತಮ್ಮ ಬಳಿಯಿರುವ ಸಾಕ್ಷಿಯಾದರೂ ಏನು? ರಾಜಧಾನಿಯಿಂದ ತನಿಖೆಗೆ ಬಂದವರ ಮುಂದೆ ಸಕುಮಾ ಸಾನ್ ಸೊಂಟ ಬಗ್ಗಿಸಿ ನಮಿಸಿದ್ದು. “ತಪ್ಪಿಲ್ಲದಿದ್ರೆ ಅಷ್ಟ್ಯಾಕೆ ಬಾಗ್ತಿದ್ರು?” ಎಂದಿರಿ. ಅಯ್ಯೋ ಸ್ವಾಮಿ, ತಾವು ಈ ದೇಶದವರೇ ತಾನೇ? ಬಸ್ಸು ತಡವಾಗಿ ಬಂದರೆ ಡ್ರೈವರಷ್ಟೇ ಅಲ್ಲ, ಚಳಿಯಲ್ಲಿ ಕಾದು ನಿಂತವನೂ ಬಾಗುವ ಊರಿದು. ಅಷ್ಟು ದೂರದಿಂದ ಬಂದವರಿಗೆ ತೊಂದರೆಯಾಯಿತಲ್ಲ ಎಂದು ಆಕೆ ಬಾಗಿದರು. ಮರ್ಯಾದೆಯನ್ನು ತಪ್ಪೊಪ್ಪಿಗೆ ಮಾಡಿಕೊಂಡವರು ತಾವು.

ಮನೆಯಲ್ಲಿ ಹೊಗೆ ವಾಸನೆ ಬಂದರೆ, ಹೊರಗಿನದೋ ಒಳಗಿನದೋ ಎಂದು ಮೊದಲು ಕಿಟಕಿ ಮುಚ್ಚಿ ನೋಡುತ್ತೇವೆ. ನಾನೂ ಗ್ರಾಹಕದ ಬಾಯಿಗೆ ಮುಚ್ಚಳ ಹಾಕಿದೆ, ಗದ್ದಲ ನಿಂತಿತು. ತೆಗೆದೆ, ಮತ್ತೆ ಬಂತು. ಕೆಟ್ಟಿರುವುದು ಆಂಪ್ಲಿಫೈಯರಾದರೆ ಮುಚ್ಚಳಕ್ಕೆ ಹೆದರುತ್ತದೆಯೇ? “ಗದ್ದಲ ಹೊರಗಿನದು ಸಾರ್” ಎಂದಷ್ಟೇ ನಾನು ತಮ್ಮ ಮುಂದೆ ಹೇಳಿದ್ದು. “ಬಾಗಿಲಿಗೂ ಇದಕ್ಕೂ ಏನ್ರೀ ಸಂಬಂಧ?” ಎಂದು ತಾವು ರೇಗಿದಿರಿ. ಬಾಗಿಲಿನ ಮಾತು ಎತ್ತಿದವರು ಯಾರು? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ.

ಆಮೇಲೆಯೇ ನಾನು ಹೊಸ ಪ್ರವಾಸಿ ಭವನದ ಗಾಜಿನ ಬಾಗಿಲನ್ನು ಸರಿಯಾಗಿ ನೋಡಿದ್ದು. ಜನ ಬಂದರೆ ತಾನಾಗಿ ತೆರೆಯುವ ಬಾಗಿಲು. ಬಂದದ್ದು ಗೊತ್ತಾಗಲಿ ಎಂದು ಅದು ಸದಾ ರೇಡಿಯೋ ಅಲೆ ಎರಚುತ್ತಿರುತ್ತದೆ, ಅದೂ ನಾವು ಆಲಿಸುವ ಅಲೆಗಳ ಮಗ್ಗುಲಲ್ಲೇ. ಸೋಮವಾರ ಭವನಕ್ಕೆ ರಜೆ, ಕರೆಂಟೂ ಬಂದ್. ಅವತ್ತು ನಮ್ಮ ಗ್ರಾಹಕ ಚೊಕ್ಕ! ಇದನ್ನು ಹೇಳಿದರೆ, “ಯಂತ್ರಕ್ಕೂ ವಾರದ ರಜೆ ಬೇಕಲ್ಲಪ್ಪಾ” ಎಂದು ನಕ್ಕಿರಿ.

ಕಳೆದ ಸೋಮವಾರ ಸಕುಮಾ ಸಾನ್‌ರನ್ನೇ ಗ್ರಾಹಕದ ಪರದೆಯ ಮುಂದೆ ಕೂರಿಸಿದೆ.

“ನೋಡಿದ್ರಾ? ಏಳಿ, ಈಗಲೇ ಹೋಗಿ ಹೇಳೋಣ.”

“ಸುಮ್ನಿರೋ ಹತಾರಿ. ಆ ಬಾಗಿಲಿಗೆ ರಿಬ್ಬನ್ ಕತ್ತರಿಸಿದ್ದು ಮುಖ್ಯಸ್ಥರೇ. ಊರವರ ಮುಂದೆ ಮುಖ ಎಲ್ಲಿಟ್ಕೋತಾರೆ ಪಾಪ?”

“ಮತ್ತೆ ನಿಮ್ಮ ಮುಖ?”

“ನನ್ನ ಮುಖ ಯಾರು ನೋಡಿದಾರೆ? ಇಷ್ಟು ವರ್ಷ ಮೈಕ್ರೋಸ್ಕೋಪಿಗೇ ಅಂಟ್ಕೊಂಡಿತ್ತಲ್ಲ,” ಎಂದು ನಕ್ಕರು. ಕಾರ್ಯಾಗಾರ ಕಳೆದುಕೊಳ್ಳುವ ಆಕೆಗೆ ಮುಖ್ಯಸ್ಥರಾದ ತಮ್ಮ ಮಾನದ ಚಿಂತೆ. ತಾವು ಯಾರ ಚಿಂತೆಯಲ್ಲಿದ್ದೀರಿ?

ಆಕೆ ಬೇಡವೆಂದರೂ ನಾನು ಬರೆದಿದ್ದೇನೆ. ನನ್ನ ಬೇಡಿಕೆ ದೊಡ್ಡದೇನಲ್ಲ. ಭವನ ತೆರೆದಿರುವ ದಿನವೇ ಆ ಬಾಗಿಲಿನ ಕರೆಂಟು ತೆಗೆಸಿ. ಒಂದು ದಿನ ಜನ ಕೈಯಿಂದ ತಳ್ಳಿಕೊಂಡು ಒಳಗೆ ಬರಲಿ. ಗದ್ದಲ ಉಳಿದರೆ ಟಿಕೆಟ್ ಕೌಂಟರಿನಲ್ಲಿ ನಾನು ಕೂರುತ್ತೇನೆ. ನಿಂತರೆ, ತಾವು ಆಕೆಯ ಕಾರ್ಯಾಗಾರಕ್ಕೆ ಬಂದು, ಆಕೆ ಅಂದು ಬಾಗಿದಷ್ಟೇ ಬಾಗಬೇಕು. ಸೊಂಟ ನೋವಿದ್ದರೆ ಅರ್ಧ ಬಾಗಿದರೂ ನಡೆದೀತು. ತಮಗೆ ಮುಜುಗರವಾಗಬಾರದೆಂದು ಉಳಿದರ್ಧವನ್ನು ಆಕೆಯೇ ಬಾಗುತ್ತಾರೆ.

ಇಂತಿ,
ತಾನಾಗಿ ತೆರೆಯದ ತಮ್ಮ ಕಚೇರಿಯ ಬಾಗಿಲನ್ನು ತಟ್ಟಿ ತಟ್ಟಿ ಸಾಕಾದ,
ಹತಾರಿ ಕಿಯೊಹಾರು
ಗ್ರಾಹಕ ವಿಭಾಗ (ಸದ್ಯಕ್ಕೆ)