ಒದ್ದೆ ಟವೆಲ್

ಮಾವ,

ನೀವು ತೀರಿಕೊಂಡು ಮೂರು ತಿಂಗಳಾಯ್ತು. ಈ ಕಾಗದ ಎಲ್ಲಿಗೂ ಹೋಗಲ್ಲ ಅಂತ ಗೊತ್ತು, ಆದರೂ ನಿಮಗೇ ಹೇಳಬೇಕು.

ಇವತ್ತು ನಮ್ಮ ಡುಮ್ಮನನ್ನು ನಾಯಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಮತ್ತೆ ಅದೇ ತುರಿಕೆ, ಕೆರೆದು ಕೆರೆದು ಹೊಟ್ಟೆಯೆಲ್ಲ ಕೆಂಪು. ಡಾಕ್ಟರು ಹೊಟ್ಟೆ, ಪಾದ ನೋಡಿ, "ನೆಲ ಒರೆಸೋಕೆ ಏನು ಹಾಕ್ತೀರಾ?" ಅಂದರು. ಘಮಘಮ ಅನ್ನೋ ನೀಲಿ ಲಿಕ್ವಿಡ್ಡು, ದಿನಾ ಎರಡು ಮುಚ್ಚಳ ಅಂದೆ, ಅದೂ ಹೆಮ್ಮೆಯಿಂದ! "ಅಲರ್ಜಿ ಅದರಿಂದಲೇ. ಮೊದಲು ನಿಲ್ಲಿಸಿ," ಅಂದರು.

"ನಿಮ್ಮ ಹಾಸಿಗೆ ಧೂಳಿಂದಲೇ ಅವನಿಗೆ ತುರಿಕೆ" ಅಂತ ಡುಮ್ಮನನ್ನು ನಿಮ್ಮ ಕೋಣೆಯಿಂದ ಹೊರಗೆ ಹಾಕಿದವಳು ನಾನು. ಬಾಗಿಲಾಚೆ ಅವನು ಕುಂಯ್‌ಗುಡ್ತಿದ್ದ, ಒಳಗೆ ನೀವು ಕೆಮ್ಮುತ್ತಿದ್ದಿರಿ. ಆಮೇಲೂ ನೀವು ಕದ್ದುಮುಚ್ಚಿ ನಿಮ್ಮ ಟವೆಲ್ ಒದ್ದೆ ಮಾಡಿ ಅವನ ಪಾದ ಒರೆಸುತ್ತಿದ್ದಿರಿ. ಅದಕ್ಕೂ ರೇಗಿದೆ. "ಅವನಿಗೆ ಹಾಯಾಗುತ್ತಮ್ಮ," ಅಂದಿರಿ, ಅಷ್ಟೇ.

ಡಾಕ್ಟರ ಚೀಟಿಯ ಮೊದಲ ಸಾಲು: ದಿನಕ್ಕೆರಡು ಸಲ ಒದ್ದೆ ಬಟ್ಟೆಯಿಂದ ಪಾದ ಒರೆಸಿ.

ಮನೆಗೆ ಬಂದವಳೇ ನಿಮ್ಮ ಟವೆಲ್ ಹುಡುಕಿದೆ. ಬಚ್ಚಲ ಬಕೆಟ್ಟಿನಲ್ಲಿತ್ತು, ನೀಲಿ ನೀರಿನಲ್ಲಿ ಮುಳುಗಿ. ನೀವು ಹೋದ ಮೇಲೆ ಅದನ್ನು ನೆಲ ಒರೆಸೋ ಬಟ್ಟೆ ಮಾಡಿಕೊಂಡವಳೂ ನಾನೇ, ಮಾವ.